ಫ್ಯಾನು ತಿರುಗದ ಕಾರ್ಡು

ನಿವೃತ್ತಿಯಾದ ಮೇಲೂ ನಾನು ಬೆಳಿಗ್ಗೆ ಐದಕ್ಕೇ ಏಳುತ್ತೇನೆ. ಹಾಸಿಗೆ ಮಡಿಸಿ, ಅಂಗಳ ಗುಡಿಸಿ, ಕಾಫಿ ಕುಡಿದು ಲೋಟ ತೊಳೆದಿಟ್ಟರೆ ಆಮೇಲೆ ಕೆಲಸವೇ ಇಲ್ಲ. ಕೆಲಸವಿಲ್ಲದೆ ಕೂರುವುದನ್ನು ನನಗೆ ಯಾರೂ ಕಲಿಸಿಲ್ಲ. ನಮ್ಮಪ್ಪ ಮಾಗಡಿಯಲ್ಲಿ ಡ್ರಿಲ್ ಮೇಷ್ಟ್ರು. ಮನೆಯಲ್ಲಿ ಊಟಕ್ಕೂ ಶಿಳ್ಳೆ ಊದುತ್ತಿದ್ದರು. ಆದ್ದರಿಂದ ಬರೆಯಲು ಕೂತಿದ್ದೇನೆ.

ಇದು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ. ಆ ಕೆಲಸದಲ್ಲಿ ನಿಮಗೆ ಜೀವನಪೂರ್ತಿ ಒಂದೇ ಪ್ರಶ್ನೆ ಬೆನ್ನು ಹತ್ತುತ್ತದೆ: “ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕ್ಸಿದೀನಿ, ಆದ್ರೂ ನಿಮ್ಮ ಸಾಫ್ಟ್‌ವೇರ್ ಯಾಕೆ ಹಂಗೇ ತೆವಳ್ತದೆ?” ಫೋನಿನಲ್ಲಿ ಕೇಳುತ್ತಾರೆ, ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಾರೆ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಸಾರು ಬಡಿಸುತ್ತಾ ಕೇಳುತ್ತಾರೆ. ಒಮ್ಮೆ ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಚಾಚಿದ್ದೆ. ಅರ್ಚಕರು ಉದ್ಧರಣೆ ಎತ್ತಿದವರು ಅಲ್ಲಿಯೇ ತಡೆದು, “ಅಂದ ಹಾಗೆ, ನಮ್ಮ ಹುಡುಗ ಹೊಸ ಕಾರ್ಡು ತಂದಿದ್ದಾನಲ್ಲ…” ಎಂದು ಶುರುಮಾಡಿದರು. ಉತ್ತರ ಹೇಳುವವರೆಗೆ ತೀರ್ಥ ಬೀಳಲಿಲ್ಲ.

ಕಾರ್ಡು ಎಂದರೆ ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಬಿಡಿಸುವ ಹಲಗೆ. ನಮ್ಮ ಕಂಪನಿ ಇದ್ದದ್ದು ರಾಮನಗರದಲ್ಲಿ, ರೇಷ್ಮೆ ನೂಲು ಬಿಚ್ಚುವ ಘಟಕವೊಂದರ ಮೇಲಂತಸ್ತಿನಲ್ಲಿ. ಬೇಯಿಸಿದ ಗೂಡಿನ ವಾಸನೆ ಕಿಟಕಿಯಿಂದ ಬಂದು ನಮ್ಮ ಜೊತೆಯೇ ಕೆಲಸಕ್ಕೆ ಕೂರುತ್ತಿತ್ತು. ಹೊಸಬರು ಮೊದಲ ವಾರ ಮೂಗು ಹಿಡಿಯುತ್ತಿದ್ದರು. ಎರಡನೆಯ ವಾರ ಆ ವಾಸನೆಯಲ್ಲೇ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು. ನಾವು ತಯಾರಿಸುತ್ತಿದ್ದದ್ದು ವಿನ್ಯಾಸದ ಸಾಫ್ಟ್‌ವೇರು. ಸೀರೆಯ ಸೆರಗು, ಅಂಚು, ಚನ್ನಪಟ್ಟಣದ ಗೊಂಬೆ, ಎಲ್ಲವನ್ನೂ ಮೊದಲು ಪರದೆಯ ಮೇಲೆ ಬಿಡಿಸಬಹುದು. ಗೊಂಬೆಯಾದರೆ ಮರ ಆರಿಸಿ, ಅರಗಿನ ಬಣ್ಣ ಆರಿಸಿ, ಸುತ್ತ ತಿರುಗಿಸಿ ನೋಡಬಹುದು.

ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ಪ್ರತಿ ಬಡ್ತಿಯಲ್ಲೂ ನನಗೆ ಸಿಕ್ಕಿದ್ದು ಇನ್ನೊಂದು ಕಪಾಟಿನ ಬೀಗದ ಕೈ.

ಆ ಕಪಾಟುಗಳಿದ್ದ ಕೋಣೆಯನ್ನು ಎಲ್ಲರೂ ‘ಗರಡಿ’ ಎಂದು ಕರೆಯುತ್ತಿದ್ದರು. ಮಾರುಕಟ್ಟೆಗೆ ಬಂದ ಕಾರ್ಡುಗಳೆಲ್ಲ ಅಲ್ಲಿದ್ದವು, ಒಂದೊಂದಕ್ಕೂ ನಾನೇ ಹೊಲಿದ ಹತ್ತಿಬಟ್ಟೆಯ ಚೀಲ. ಹೊಸ ಕಾರ್ಡು ಬಂದರೆ ಗರಡಿಯಲ್ಲಿ ನಮ್ಮ ಸಾಫ್ಟ್‌ವೇರಿನ ಜೊತೆ ಕುಸ್ತಿಗೆ ಬಿಡಬೇಕು. ಎಲ್ಲ ಪಟ್ಟುಗಳನ್ನೂ ತಡೆದುಕೊಂಡರೆ ಪಾಸು. ಸಾಫ್ಟ್‌ವೇರಿನ ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿದ್ದೆವು. ಅವನೂ ಒಂದು ಸಣ್ಣ ಪ್ರೋಗ್ರಾಮೇ. ಕಂಪ್ಯೂಟರಿನಲ್ಲಿರುವ ಕಾರ್ಡನ್ನು ಅವನು ಕೇಳುವುದು ಇಷ್ಟೇ: ಗರಡಿಯಲ್ಲಿ ಪಾಸಾಗಿದ್ದೀಯಾ? ಆಗಿದ್ದರೆ ಚಿತ್ರ ಬಿಡಿಸುವ ಕೆಲಸ ಅದರ ಕೈಗೆ. ಆಗಿಲ್ಲದಿದ್ದರೆ, ಕೂತಿರಪ್ಪ ಮಜ್ಜಿಗೆ ಕುಡಿ ಎಂದು ಅದನ್ನು ಜಗಲಿಯ ಮೇಲೆ ಕೂರಿಸಿ, ಚಿತ್ರವನ್ನೆಲ್ಲ ಕಂಪ್ಯೂಟರಿನ ಮುಖ್ಯ ಪ್ರೊಸೆಸರಿನ ತಲೆಗೇ ಕಟ್ಟುತ್ತಿದ್ದ. ನಿಧಾನ, ಆದರೆ ತಪ್ಪಿಲ್ಲ.

ಗರಡಿಯ ನಿಯಮಗಳು ನನ್ನವು. ಚಪ್ಪಲಿ ಹೊರಗೆ. ಬಳೆ ಹೊರಗೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಮತ್ತು ರೇಷ್ಮೆ ಉಟ್ಟವರಿಗೆ ಪ್ರವೇಶವಿಲ್ಲ. ರೇಷ್ಮೆಯ ಊರಿನಲ್ಲಿ ಇದೆಂಥ ನಿಯಮ ಎಂದು ಎಲ್ಲರೂ ನಗುತ್ತಿದ್ದರು, ನಮ್ಮ ಯಜಮಾನರಾದ ಚಿಕ್ಕೇಗೌಡರು ಒಂದು ಕಾರ್ಡನ್ನು ಸುಟ್ಟುಹಾಕುವವರೆಗೆ.

ಚಿಕ್ಕೇಗೌಡರು ಕನಕಪುರದವರು. ಹೊಸದು ಎಂದರೆ ಸಾಕು, ಅವರ ಮೀಸೆಯೇ ಕುಣಿಯುತ್ತಿತ್ತು. ಕಾರ್ಡು ಬಿಡುಗಡೆಯಾದ ದಿನವೇ ಬೆಂಗಳೂರಿಗೆ ಬೈಕಿನಲ್ಲಿ ಹೋಗಿ, ಮದುವಣಗಿತ್ತಿಯನ್ನು ಕರೆತಂದಂತೆ ಪೆಟ್ಟಿಗೆಯನ್ನು ಎದುರಿಗೆ ಕೂರಿಸಿಕೊಂಡು ಬರುತ್ತಿದ್ದರು. ಬಂದ ಕೂಡಲೇ ಅದಕ್ಕೆ ಕುಂಕುಮ. ಒಂದು ಬೇಸಗೆಯಲ್ಲಿ, ಗಾಳಿ ಹಪ್ಪಳದಂತೆ ಒಣಗಿದ್ದಾಗ, ಯಾವುದೋ ಮದುವೆಯಿಂದ ರೇಷ್ಮೆ ಪಂಚೆ, ರೇಷ್ಮೆ ಶಲ್ಯದಲ್ಲಿ ಸರಸರನೆ ಗರಡಿಗೆ ನುಗ್ಗಿದರು. ನಾನು “ಸಾರ್, ಶಲ್ಯ!” ಎನ್ನುವಷ್ಟರಲ್ಲಿ ಬೆರಳು ಕಾರ್ಡಿಗೆ ತಾಗಿತು. ಚಟ್! ಒಂದು ಕಿಡಿ. ಆ ಕಾರ್ಡು ಮತ್ತೆಂದೂ ಕಣ್ಣು ಬಿಡಲಿಲ್ಲ.

“ಕುಂಕುಮ ಇಟ್ಟಿದ್ದಕ್ಕೆ ಸತ್ತೋಯ್ತಾ?” ಎಂದರು ಯಜಮಾನರು, ಬೆರಳು ಚೀಪುತ್ತ.

“ಕುಂಕುಮಕ್ಕಲ್ಲ ಸಾರ್, ಶಲ್ಯಕ್ಕೆ. ರೇಷ್ಮೆ ಉಜ್ಜಿದರೆ ವಿದ್ಯುತ್ತು ಹುಟ್ಟುತ್ತದೆ.”

“ನಮ್ಮೂರ್ ರೇಷ್ಮೆಲಿ ಇಷ್ಟ್ ಪವರ್ ಐತಾ!” ಎಂದು ಅವರು ಹೆಮ್ಮೆಯಿಂದ ಕೆಳಗಿನ ಘಟಕದವರಿಗೆ ಹೇಳಲು ಓಡಿದರು. ಕಾರ್ಡಿನ ಶವ ನನ್ನ ಕೈಯಲ್ಲಿ.

ಹೊಸ ಕಾರ್ಡಿಗೆ ಸಾಫ್ಟ್‌ವೇರು ಹೊಂದಿಕೊಳ್ಳಲು ಯಾಕೆ ತಡ ಎನ್ನುವುದಕ್ಕೆ ಮೊದಲ ಪಾಠ ನನಗೆ ಒಂದು ನವಿಲಿನಿಂದ ಸಿಕ್ಕಿತು. ಕಾರ್ಡಿಗೂ ಸಾಫ್ಟ್‌ವೇರಿಗೂ ಭಾಷೆ ಬೇರೆ. ನಡುವೆ ಡ್ರೈವರ್ ಎಂಬ ದುಭಾಷಿ ಇರುತ್ತಾನೆ, ಅವನನ್ನು ಕಾರ್ಡು ಮಾಡುವ ಕಂಪನಿಯೇ ಕಳಿಸಿಕೊಡುತ್ತದೆ. ಹೊಸ ಕಾರ್ಡಿನ ಜೊತೆ ಬರುವ ದುಭಾಷಿ ನಿನ್ನೆ ತಾನೇ ಭಾಷೆ ಕಲಿತವನು. ಒಂದು ಹೊಸ ಕಾರ್ಡಿನಲ್ಲಿ ಸೆರಗಿನ ನವಿಲೆಲ್ಲ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಅದೂ ಎಡಕ್ಕೆ ನೋಡುವ ನವಿಲು ಮಾತ್ರ. ಬಲಕ್ಕೆ ನೋಡುವವು ನೀಲಿಯಾಗಿಯೇ ಇದ್ದವು.

ನಮ್ಮಲ್ಲಿ ಚಿತ್ರ ಬಿಡಿಸುವ ಕೋಡು ಬರೆಯುತ್ತಿದ್ದವನು ಹೊಂಗನೂರಿನ ಪುಟ್ಟಸ್ವಾಮಿ. ರೇಷ್ಮೆ ಹುಳು ಸಾಕುವ ಮನೆಯವನು, ಹುಳುವಿನಷ್ಟೇ ಸಹನೆ. ಆದರೆ ಆ ನವಿಲು ಅವನನ್ನೂ ಕಂಗೆಡಿಸಿತು. “ಇದು ನಂದಲ್ಲ ಮೇಡಮ್ಮ, ಡ್ರೈವರ್‌ದು. ನಮ್ಮ ಅಪ್ಪನ ಆಣೆ.” ಕಾರ್ಡು ಕಂಪನಿಗೆ ಚಿತ್ರಸಮೇತ ವಿವರವಾಗಿ ದೂರು ಬರೆದೆವು. ತಿಂಗಳು ಕಳೆದ ಮೇಲೆ ಉತ್ತರ ಬಂತು: ಚಿತ್ರ ನೋಡಿದೆವು, ನೇರಳೆ ನವಿಲು ಬಹಳ ಸುಂದರವಾಗಿದೆ, ತೊಂದರೆ ಏನೆಂದು ತಿಳಿಯಲಿಲ್ಲ.

ಅದನ್ನು ಓದಿ ಪುಟ್ಟಸ್ವಾಮಿ ನೆಲದ ಮೇಲೆ ಕೂತು ನಕ್ಕ. ನಾನೂ ನಕ್ಕೆ. ಆಮೇಲೆ ಆ ಒಂದು ಕಾರ್ಡು ಬಂದಾಗ ಮಾತ್ರ ಎಡನವಿಲನ್ನು ಬಲನವಿಲೆಂದು ಸುಳ್ಳು ಹೇಳಿ ಬಿಡಿಸಿ, ಕೊನೆಗೆ ತಿರುಗಿಸಿಡುವ ಉಪಾಯ ಮಾಡಿದೆವು. ಮುಂದೆ ಕಾರ್ಡು ಕಂಪನಿಯವರು ಡ್ರೈವರ್ ಸರಿಮಾಡಿದಾಗ ನಮ್ಮ ಸುಳ್ಳಿನಿಂದಾಗಿ ಎಲ್ಲ ನವಿಲೂ ತಲೆಕೆಳಗಾದವು. ಇಂಥವು ವರ್ಷಕ್ಕೆ ಹಲವು. ಹಳೆ ಕಾರ್ಡಿನ ಗಿರಾಕಿಗಳನ್ನು ಬಿಡುವಂತಿಲ್ಲ, ಹೊಸ ಕಾರ್ಡಿನವರನ್ನು ತಡೆಯುವಂತಿಲ್ಲ. ಮಾಡಿದ ಪ್ರತಿ ಬದಲಾವಣೆಯನ್ನೂ ಕಪಾಟಿನ ಎಲ್ಲ ಚೀಲ ಬಿಚ್ಚಿ ಮತ್ತೆ ನೋಡಬೇಕು. ಕಾರ್ಡಿನ ಒಳಗುಟ್ಟು ತಿಳಿಸುವ ಕಾಗದಗಳು ದೊಡ್ಡ ಕಂಪನಿಗಳಿಗೆ ಮೊದಲು, ಗೂಡು ಬೇಯುವ ಮಹಡಿಗೆ ಕೊನೆಗೆ. ಇನ್ನು ಹೊಸ ಕಾರ್ಡಿಗಾಗಿಯೇ ಕೋಡು ಬರೆಯೋಣವೆಂದರೆ, ಅದನ್ನು ಕೊಂಡವರು ಇನ್ನೂ ಯಾರೂ ಇಲ್ಲ. ಅವರು ಯಾಕೆ ಕೊಂಡಿಲ್ಲ? ಅದಕ್ಕೆ ತಕ್ಕ ಸಾಫ್ಟ್‌ವೇರು ಇಲ್ಲ!

ಇಷ್ಟೆಲ್ಲ ತಿಳಿದಿದ್ದರೂ ಈ ಕೆಲಸ ಎಂಥದು ಎಂದು ನನಗೆ ಪೂರ್ತಿಯಾಗಿ ತೋರಿಸಿದವಳು ಜಬೀನ.

ಜಬೀನ ಚನ್ನಪಟ್ಟಣದ ಗೊಂಬೆ ಮಾಡುವ ಮನೆಯ ಹೆಣ್ಣುಮಗಳು. ಮರ ಕಡೆಯುವ ತಂದೆಯ ಲೇತ್ ಯಂತ್ರಗಳನ್ನು ಅವಳೂ ಅವಳ ತಮ್ಮ ಇರ್ಫಾನನೂ ನಡೆಸುತ್ತಿದ್ದರು. ಮಾಡುತ್ತಿದ್ದದ್ದು ಮಾತ್ರ ಬೇರೆಯವರ ಮಾಲು: ಯಾರೋ ಕಳಿಸಿದ ಅಳತೆಗೆ ಮಣಿ, ಯಾರದೋ ಹೆಸರಿನ ಬುಗುರಿ. ಅವಳ ತಲೆಯಲ್ಲಿ ಸ್ವಂತದ್ದೊಂದು ಗೊಂಬೆ ಇತ್ತು. ಗುಂಡಜ್ಜಿ. ತುರುಬು, ಗುಂಡು ಮುಖ, ಕುಂಬಳಕಾಯಿಯಂಥ ಹೊಟ್ಟೆ. ತಳ್ಳಿದರೆ ಓಲಾಡುತ್ತಾಳೆಯೇ ಹೊರತು ಬೀಳುವುದಿಲ್ಲ. ಗೊಂಬೆ ಖರೀದಿಸುವ ದೊಡ್ಡ ಸಂಸ್ಥೆಯೊಂದರಿಂದ ಒಂದು ಶುಕ್ರವಾರ ನೋಡಲು ಬರುವವರಿದ್ದರು. ಪರದೆಯ ಮೇಲೆ ಗುಂಡಜ್ಜಿಯನ್ನು ತಿರುಗಿಸಿ, ಕೇಳಿದ ಬಣ್ಣಕ್ಕೆ ಬದಲಾಯಿಸಿ ತೋರಿಸಬೇಕು. ಅವರು ಒಪ್ಪಿದರೆ ಗೊಂಬೆಯ ಅಡಿಯಲ್ಲಿ ಜಬೀನಳ ಹೆಸರು. ಒಪ್ಪದಿದ್ದರೆ ಮತ್ತೆ ಮಣಿ.

ನಮ್ಮ ಯಜಮಾನರು ಸುಮ್ಮನಿರುತ್ತಾರೆಯೇ? “ಆ ಹೊಸ ಕಾರ್ಡ್ ತಗಂಡ್ಬುಡಮ್ಮ, ಗಾಳಿ ತರ ಓಡ್ತದೆ ನಿನ್ ಅಜ್ಜಿ” ಎಂದು ಹೇಳಿ ಕೊಡಿಸಿಬಿಟ್ಟರು. ಮೂರು ಫ್ಯಾನಿನ ಕಾರ್ಡು, ಆ ತಿಂಗಳು ಬಂದದ್ದು. ಗರಡಿಯಲ್ಲಿ ಪಾಸಾಗಿರಲಿಲ್ಲ.

ಆ ವಾರ ಸೋಮವಾರ ಬೆಳಿಗ್ಗೆ ಫೋನು.

“ಅರೇ ಡ್ರಿಲ್ ಮೇಡಂ, ನಿಮ್ಮ ಗೌಡ್ರು ಗಾಳಿ ಅಂದ್ರು. ಗಾಳಿನೂ ಇಲ್ಲ, ಏನೂ ಇಲ್ಲ. ಫ್ಯಾನೇ ತಿರುಗ್ತಿಲ್ಲ!”

“ತಿರುಗುವುದಿಲ್ಲ ತಾಯಿ. ಈಗಿನ ಕಾರ್ಡುಗಳು ಕೆಲಸವಿದ್ದರೆ ಮಾತ್ರ ಫ್ಯಾನು ತಿರುಗಿಸುತ್ತವೆ. ಅದಕ್ಕೆ ನಾವಿನ್ನೂ ಕೆಲಸ ಕೊಟ್ಟಿಲ್ಲ.”

“ಅಂಗಡೀಲಿ ಎರಡು ಸಲ ಬದಲಾಯಿಸ್ಕೊಂಡು ಬಂದೆ ಮೇಡಂ! ಮೂರನೇದೂ ತಿರುಗಲಿಲ್ಲ ಅಂತ ಅಂಗಡಿಯವನ ಜೊತೆ ಜಗಳಾನೂ ಆಯ್ತು. ಆಮೇಲೆ ಇರ್ಫಾನ್ ಸರಿ ಮಾಡಿದ.”

“ಏನು ಮಾಡಿದ?”

“ಫ್ಯಾನಿಗೆ ಸೀದಾ ಕರೆಂಟ್ ಕೊಟ್ಟ. ಈಗ ತಿರುಗ್ತಾ ಇದೆ ನೋಡಿ, ಕೇಳಿಸ್ತಾ?” ಫೋನಿನಲ್ಲಿ ರೈಸ್‌ಮಿಲ್ಲಿನ ಸದ್ದು. “ಆದ್ರೂ ಅಜ್ಜಿ ಓಡ್ತಿಲ್ಲ.”

ಲೇತ್ ನಡೆಸುವವರಿಗೆ ತಿರುಗುವುದೇ ಕೆಲಸ, ನಿಂತದ್ದೆಲ್ಲ ಕೆಟ್ಟದ್ದು. ಅವರನ್ನು ದೂರಲಾರೆ. ಆದರೆ ಕೆಲಸವಿಲ್ಲದ ಕಾರ್ಡಿಗೆ ಬಲವಂತವಾಗಿ ಗಾಳಿ ಬೀಸುತ್ತಿದ್ದ ಆ ದೃಶ್ಯ ನೆನೆದರೆ, ಜಗಲಿಯಲ್ಲಿ ಕೂತ ಬೀಗರಿಗೆ ಇಬ್ಬರು ನಿಂತು ಬೀಸಣಿಗೆ ಬೀಸುವುದು ಕಣ್ಣಿಗೆ ಕಟ್ಟಿ, ಫೋನಿಟ್ಟ ಮೇಲೆ ನಾನು ಬಹಳ ಹೊತ್ತು ನಕ್ಕೆ.

ನಕ್ಕದ್ದು ಸೋಮವಾರ. ಮಂಗಳವಾರ ನಗು ನಿಂತಿತು. ಯಜಮಾನರು ತಂದಿಟ್ಟಿದ್ದ ಅದೇ ಮಾದರಿಯ ಕಾರ್ಡನ್ನು ಗರಡಿಗೆ ಇಳಿಸಿ, ಜಬೀನಳ ಗುಂಡಜ್ಜಿಯನ್ನೇ ಬಿಡಿಸಲು ಕೊಟ್ಟೆವು. ಕ್ಷಣಮಾತ್ರದಲ್ಲಿ ಬಿಡಿಸಿತು. ನಿಜಕ್ಕೂ ಗಾಳಿಯೇ. ಆದರೆ ಅಜ್ಜಿಗೆ ಹೊಟ್ಟೆಯಿರಲಿಲ್ಲ. ಹೊಟ್ಟೆ ಇರಬೇಕಾದ ಜಾಗದಲ್ಲಿ ಅರಗಿನ ಬಣ್ಣ ಮಾತ್ರ ಬಳೆಯಂತೆ ಗಾಳಿಯಲ್ಲಿ ತೇಲುತ್ತಿತ್ತು. ಇನ್ನೊಮ್ಮೆ ಬಿಡಿಸಿದಾಗ ಹೊಟ್ಟೆ ಬಂತು, ಮುಖ ಹೋಯಿತು. ಆಮೇಲೆ ಹಲವು ಸಲ ಎಲ್ಲ ಸರಿ. ಮತ್ತೊಮ್ಮೆ ಬರೀ ಹೊಳಪು, ಅಜ್ಜಿಯೇ ಇಲ್ಲ.

“ದೆವ್ವ ಕಣ್ ಮೇಡಮ್ಮ” ಎಂದ ಪುಟ್ಟಸ್ವಾಮಿ.

ಹೊಸಬರು ಇದನ್ನು ನೆನಪಿಡಿ: ದಿನವೂ ಒಂದೇ ಥರ ಬರುವ ತಪ್ಪು ಸಜ್ಜನ. ಬಂದ ದಾರಿಯಲ್ಲೇ ಹೋಗಿ ಹಿಡಿಯಬಹುದು. ಪ್ರತಿ ಸಲ ವೇಷ ಬದಲಿಸುವ ತಪ್ಪು ಬಂದರೆ, ಕೆಲಸದಲ್ಲಿ ಅಲ್ಲ, ಕೆಲಸದ ಸರದಿಯಲ್ಲಿ ಎಡವಟ್ಟಾಗಿದೆ ಎಂದು ತಿಳಿಯಿರಿ.

ಗೊಂಬೆ ಬಿಡಿಸಲು ನಮ್ಮ ಸಾಫ್ಟ್‌ವೇರು ಮೂರು ಮಾತು ಹೇಳುತ್ತಿತ್ತು: ಮರ ಬಿಡಿಸು, ಅರಗು ಹಚ್ಚು, ಹೊಳಪು ಕೊಡು. ಹಳೆ ಕಾರ್ಡುಗಳಿಗೆ ಕೈಗಳು ಕಡಿಮೆ. ಒಂದು ಮುಗಿಸಿ ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದವು. ಹೊಸ ಕಾರ್ಡಿಗೆ ಸಾವಿರಾರು ಕೈ, ಮೇಲೆ ಅವಸರ. ಮೂರು ಮಾತನ್ನೂ ಒಟ್ಟಿಗೇ ಹಂಚಿಬಿಡುತ್ತಿತ್ತು. ಮರ ಬರುವ ಮೊದಲೇ ಅರಗಿನವರು ಗಾಳಿಗೆ ಬಣ್ಣ ಹಚ್ಚಿ ಮನೆಗೆ ಹೋಗಿರುತ್ತಿದ್ದರು.

ಬುಧವಾರ ಮಾಗಡಿಯಿಂದ ಬರುವ ಬಸ್ಸಿನಲ್ಲಿ, ಸಾವನದುರ್ಗದ ಬಂಡೆ ಕಿಟಕಿಗೆ ಬರುವಷ್ಟರಲ್ಲಿ ನನಗೆ ಅಪ್ಪ ನೆನಪಾದರು. ಮೂವರು ಹುಡುಗರಿಗೆ ಕವಾಯತು ಮಾಡಿಸುವಾಗ ಅವರು ಬಾಯಿ ಬಿಡುತ್ತಿರಲಿಲ್ಲ, ಕಣ್ಣಿನಲ್ಲೇ ಮುಗಿಸುತ್ತಿದ್ದರು. ಸ್ವಾತಂತ್ರ್ಯ ದಿನ ಊರಿನ ಶಾಲೆಗಳೆಲ್ಲ ಮೈದಾನದಲ್ಲಿ ಸೇರಿದಾಗ ಮಾತ್ರ ಗಂಟಲು ಹರಿಯುವಂತೆ ‘ತಂಡ, ನಿಲ್!’ ಎನ್ನುತ್ತಿದ್ದರು. ಮೂವರಿಗೆ ಬೇಡದ ಆಜ್ಞೆ ಸಾವಿರ ಮಂದಿಗೆ ಬೇಕು. ಆಫೀಸಿಗೆ ಬಂದವಳೇ ಚಪ್ಪಲಿ ಬಿಡುವ ಮೊದಲು ಕೇಳಿದೆ, “ಪುಟ್ಟಸ್ವಾಮಿ, ನಿನ್ನ ಕೋಡಿನಲ್ಲಿ ‘ನಿಲ್’ ಎಲ್ಲಿದೆ?”

ಅವನು ಕೋಡನ್ನು ಮೇಲಿಂದ ಕೆಳಗೆ ಸರಿಸುತ್ತಾ ಹೋದ. “ಅಯ್ಯಯ್ಯಪ್ಪ! ಎಲ್ಲೂ ಇಲ್ವಲ್ಲ ಮೇಡಮ್ಮ! ಹಳೇವು ತಾವಾಗೇ ನಿಂತ್ಕತಿದ್ವು.”

ಮಧ್ಯಾಹ್ನದೊಳಗೆ ಅವನು ಪ್ರತಿ ಮಾತಿನ ನಂತರ ಒಂದು ‘ನಿಲ್’ ಇಟ್ಟ. ಅಜ್ಜಿ ಇಡಿಯಾಗಿ ಬಂದಳು. ಯಜಮಾನರು ಚಪ್ಪಾಳೆ ತಟ್ಟಿದರು. ಆಮೇಲೆ ಅವಳನ್ನು ತಿರುಗಿಸಿ ನೋಡಿದೆವು. ಎಷ್ಟು ನಿಧಾನ ಎಂದರೆ ಹಳೆ ಕಾರ್ಡಿನಷ್ಟೇ ನಿಧಾನ. ಸಾವಿರ ಕೈಗಳೂ ಹೆಜ್ಜೆಹೆಜ್ಜೆಗೆ ಸಾವಧಾನದಲ್ಲಿ ನಿಂತರೆ ಇನ್ನೇನಾಗುತ್ತದೆ? ಎಲ್ಲಿ ‘ನಿಲ್’ ಬೇಕು, ಎಲ್ಲಿ ಬೇಡ ಎಂದು ಒಂದೊಂದಾಗಿ ತೆಗೆದು, ಪ್ರತಿ ಸಲವೂ ಕಪಾಟಿನ ಎಲ್ಲ ಕಾರ್ಡಿನ ಮೇಲೆ ನೋಡಬೇಕು. ಅದು ತಿಂಗಳುಗಳ ಕೆಲಸ. ಸಾಫ್ಟ್‌ವೇರು ಯಾಕೆ ತಡ ಎಂದು ಕೇಳುವವರಿಗೆ ಇದಕ್ಕಿಂತ ನಿಜವಾದ ಉತ್ತರ ನನ್ನಲ್ಲಿಲ್ಲ. ಕಾರ್ಡು ಮಾಡಿದವರು ಕೈ ಕೊಟ್ಟರು. ಕೈಗಳಿಗೆ ಕವಾಯತು ಕಲಿಸುವುದು ನಮ್ಮ ಪಾಲಿಗೆ ಬಂತು.

“ನಿಲ್ ಇಲ್ದಿರೋದನ್ನೇ ಕೊಟ್ಬುಡೋಣ” ಎಂದರು ಯಜಮಾನರು. “ಬಾಗಿಲು ತಗೀರಿ. ಹತ್ತು ಸತಿಲಿ ಎಂಟು ಸತಿ ಸರಿಯಾಗೇ ಬತ್ತದೆ.”

“ಉಳಿದ ಎರಡು ಸತಿ ಶುಕ್ರವಾರವೇ ಬರುತ್ತವೆ ಸಾರ್.”

“ಹೊಸ ಎತ್ತು ತಂದು ಕಟ್ಟಿವ್ನಿ, ನೊಗಕ್ಕೆ ಕಟ್ಟಕ್ಕೆ ಬುಡಲ್ಲ ಅಂತೀಯಲ್ಲಮ್ಮ!”

“ಹೊಟ್ಟೆಯಿಲ್ಲದ ಅಜ್ಜಿಯನ್ನು ತೋರಿಸಿದರೆ ಜಬೀನ ಜೀವನಪೂರ್ತಿ ಮಣಿ ಕೊರೆಯಬೇಕು ಸಾರ್. ಬಾಗಿಲು ತೆಗೆಯುವುದಿಲ್ಲ.”

ಯಜಮಾನರು ಮೀಸೆ ಇಳಿಸಿಕೊಂಡು ಹೋದರು. ನಾನು ಜಬೀನಳಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ.

“ಮೇಡಂ, ಶುಕ್ರವಾರ ನಾನೇನು ತೋರಿಸ್ಲಿ?”

“ನಾನು ಬರುತ್ತೇನೆ. ಪಾಸಾದ ಕಾರ್ಡು ತರುತ್ತೇನೆ, ಬರೀ ಪ್ರೊಸೆಸರಿಗಿಂತ ವಾಸಿ. ಓಡುವುದಿಲ್ಲ, ಆದರೆ ಎಡವುವುದೂ ಇಲ್ಲ.”

“ಅವರ ಮುಂದೆ ಅದು ತೆವಳಿದ್ರೆ?”

“ತೆವಳುತ್ತದೆ” ಎಂದೆ. ಸುಳ್ಳು ಹೇಳಿ ಏನು ಪ್ರಯೋಜನ?

ಶುಕ್ರವಾರ ಕಪಾಟಿನ ಅತಿ ಹಳೆಯ, ಅತಿ ನಂಬಿಕೆಯ ಕಾರ್ಡನ್ನು ಚೀಲದಲ್ಲಿಟ್ಟು, ಟವೆಲ್ ಸುತ್ತಿ, ತೊಡೆಯ ಮೇಲೆ ಮಲಗಿಸಿಕೊಂಡು ಚನ್ನಪಟ್ಟಣದ ಬಸ್ಸು ಹತ್ತಿದೆ. ಕೈಮರೆತು ತಟ್ಟುತ್ತಿದ್ದೆನೆಂದು ಕಾಣುತ್ತದೆ, ಕಂಡಕ್ಟರ್ ದನಿ ತಗ್ಗಿಸಿ ಕೇಳಿದ, “ಮಗ ಮನಗೈತಾ ಮೇಡಂ?”

“ಮಗು ಅಲ್ಲ ಕಣಪ್ಪ, ಮುದುಕ” ಎಂದೆ. ಅವನು ಟಿಕೆಟ್ಟು ಹರಿಯುವುದನ್ನೇ ಮರೆತು ಮುಂದೆ ಹೋದ. ದಾರಿಯಲ್ಲಿ ಸಿಗುವ ಕೆಂಗಲ್ ಆಂಜನೇಯನಿಗೆ ಎಲ್ಲರಂತೆ ನಾನೂ ಕುಳಿತಲ್ಲಿಂದಲೇ ಕೈ ಮುಗಿದೆ. ಮುದುಕನ ಪರವಾಗಿಯೂ.

ಜಬೀನಳ ಕಾರ್ಖಾನೆ ಒಂದು ಉದ್ದನೆಯ ಕೋಣೆ. ಮರದ ಹೊಟ್ಟು, ಅರಗಿನ ವಾಸನೆ. ಹೋಗಿ ನೋಡಿದರೆ ನಮ್ಮ ಯಜಮಾನರು ಆಗಲೇ ಬಂದು, ಗುರುತಿನ ಕಲ್ಯಾಣಮಂಟಪದಿಂದ ಗೋಡೆಯಷ್ಟು ಅಗಲದ ಟಿವಿ ತಂದು ನಿಲ್ಲಿಸಿದ್ದರು. “ದೊಡ್ಡದಾಗಿ ಕಾಣ್ಲಿ ಅಂತ!” ಚಿತ್ರ ದೊಡ್ಡದಾದಷ್ಟೂ ಮುದುಕನಿಗೆ ಭಾರ. ಹೇಳುವಷ್ಟು ಸಮಯವಿರಲಿಲ್ಲ. ಇರ್ಫಾನನ ಫ್ಯಾನಿನ ತಂತಿ ಬಿಚ್ಚಿ, ಹೊಸ ಕಾರ್ಡು ತೆಗೆದು, ಹಳೆಯದನ್ನು ಕೂರಿಸಿದೆ. ಕಾವಲುಗಾರ ಗುರುತು ಹಿಡಿದು ಒಳಗೆ ಬಿಟ್ಟ. ಅಷ್ಟರಲ್ಲಿ ಖರೀದಿಯವರು ಬಂದರು, ಕನ್ನಡಕದ ಒಬ್ಬ ಹೆಂಗಸು ಮತ್ತು ಬರೀ ವಿಡಿಯೋ ತೆಗೆಯುವ ಒಬ್ಬಾತ.

ಜಬೀನ ಗುಂಡಿ ಒತ್ತಿದಳು. ಗೋಡೆಯಷ್ಟು ಅಗಲದ ಪರದೆಯ ತುದಿಯಲ್ಲಿ ಒಂದು ಗೆರೆ ಬಂತು. ಅದರ ಕೆಳಗೆ ಇನ್ನೊಂದು. ಎಲ್ಲರೂ ಕಾದೆವು. ಬಹಳ ಹೊತ್ತಿಗೆ ತುರುಬಿನ ಮೇಲ್ಭಾಗ ಕಾಣಿಸಿತು.

“ಲೋಡ್ ಆಗ್ತಾ ಇದೆಯಾ?” ಎಂದಳು ಆ ಹೆಂಗಸು.

ಜಬೀನ ನನ್ನ ಮುಖ ನೋಡಿದಳು. ನಾನು ನೇರವಾಗಿ ನಿಂತೆ. ದಿಕ್ಕು ತೋಚದಾಗ ಡ್ರಿಲ್ ಮೇಷ್ಟ್ರ ಮಗಳು ಮಾಡಬಲ್ಲದ್ದು ಅದೊಂದೇ. ಜಬೀನ ಪರದೆಯನ್ನೊಮ್ಮೆ ನೋಡಿ, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿದಳು.

“ಬಿಡಿಸ್ತಾ ಇದೆ ಮೇಡಂ. ನಿಧಾನಕ್ಕೆ ಬಿಡಿಸುತ್ತೆ, ತಪ್ಪಿಲ್ಲದೆ ಬಿಡಿಸುತ್ತೆ. ಅದು ಬರೋ ತನಕ ನಾನು ಸುಮ್ನೆ ಕೂತ್ಕೊಳ್ಳಲ್ಲ. ಇರ್ಫಾನ್, ಲೇತ್ ಹಾಕು!”

ಹಾಲೆ ಮರದ ಒಂದು ತುಂಡು ತಿರುಗತೊಡಗಿತು. ಉಳಿ ತಾಗಿದ್ದೇ ಸಿಪ್ಪೆ ರಿಬ್ಬನ್ನಿನಂತೆ ಹಾರಿತು. ಆಗ ಶುರುವಾಯಿತು ನೋಡಿ ಪಂದ್ಯ.

“ತುರುಬು ಬಂತು, ತುರುಬು ಬಂತು!” ಎಂದರು ಯಜಮಾನರು, ಟಿವಿಯ ಪಕ್ಕ.

“ನಮ್ದು ಆಗ್ಲೇ ಮೂಗಿಗೆ ಬಂದೈತೆ ಗೌಡ್ರೆ!” ಎಂದ ಇರ್ಫಾನ್, ಲೇತಿನ ಪಕ್ಕ.

“ಏಯ್, ನಮ್ದರಲ್ಲಿ ಕಿವಿ ಕಾಣ್ತಾ ಐತೆ ಕಣ್ಲಾ!”

“ಕಿವಿ ಕಾಣಿಸ್ಕೊಂಡು ಏನ್ ಮಾಡ್ತೀರಾ, ಕತ್ತು ಎಲ್ಲಿ?”

ಅಕ್ಕಪಕ್ಕದ ಕಾರ್ಖಾನೆಯವರು ಬಾಗಿಲಲ್ಲಿ ಸೇರಿದರು. ಯಾರೋ ಟಿವಿಯ ಪರ, ಯಾರೋ ಲೇತಿನ ಪರ. ಜಬೀನ ಕೆಂಪು ಅರಗಿನ ಕಡ್ಡಿ ಒತ್ತಿದಳು. ತಿರುಗುವ ಮರದ ಬಿಸಿಗೆ ಕರಗಿ ಬಣ್ಣ ಹರಿಯಿತು. ಪರದೆಯಲ್ಲಿ ಅಜ್ಜಿ ಗದ್ದದವರೆಗೆ ಬಂದಿದ್ದಳು.

ಕನ್ನಡಕದ ಹೆಂಗಸು ಎರಡೂ ಕಡೆ ನೋಡಿ ಕೇಳಿದಳು, “ಕೆಂಪು ಬೇಡ. ಅರಿಶಿನ ಬಣ್ಣದಲ್ಲಿ ನೋಡಬಹುದಾ?”

ಇರ್ಫಾನ್ ಕಂಪ್ಯೂಟರಿನಲ್ಲಿ ಬಣ್ಣ ಬದಲಿಸಿದ. ಗದ್ದದವರೆಗೆ ಬಂದಿದ್ದ ಅಜ್ಜಿ ಮಾಯವಾಗಿ ಪರದೆಯ ತುದಿಯಲ್ಲಿ ಮತ್ತೆ ಒಂದು ಗೆರೆ. ಯಜಮಾನರು ತಲೆಯ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕುಸಿದರು. ಬಾಗಿಲಲ್ಲಿ ಹೋ ಎಂದು ನಗು. ಜಬೀನ ಉಳಿಯಿಂದ ಕೆಂಪನ್ನು ಹೆರೆದು, ಅರಿಶಿನದ ಕಡ್ಡಿ ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟಳು. ಲೇತಿನಿಂದ ಇಳಿಸಿ ಮೇಜಿನ ಮೇಲಿಟ್ಟು ಬೆರಳಿನಿಂದ ತಳ್ಳಿದಳು. ಗುಂಡಜ್ಜಿ ಓಲಾಡಿದಳು, ಬೀಳಲಿಲ್ಲ. ಪರದೆಯ ಅಜ್ಜಿ ಇನ್ನೂ ತುರುಬು ಕಟ್ಟಿಕೊಳ್ಳುತ್ತಿದ್ದಳು.

ಆ ಹೆಂಗಸು ಕನ್ನಡಕ ತೆಗೆದು ಕಣ್ಣೀರು ಒರೆಸಿಕೊಳ್ಳುವಷ್ಟು ನಕ್ಕಳು. ವಿಡಿಯೋದವನು ನಗುತ್ತಲೇ ತೆಗೆಯುತ್ತಿದ್ದ. ಇನ್ನು ಎದ್ದು ಹೋಗುತ್ತಾರೆ ಎಂದುಕೊಂಡೆ. ಆದರೆ ಅವಳು ಕುರ್ಚಿ ಎಳೆದು ಪರದೆಯ ಎದುರು ಕೂತಳು. “ಬರಲಿ. ಕಾಯ್ತೀನಿ. ನಮ್ಮ ಗಿರಾಕಿಗಳು ಗೊಂಬೆ ಮುಟ್ಟೋದಿಲ್ಲ, ಪರದೆ ನೋಡಿ ಹೇಳ್ತಾರೆ. ಅಲ್ಲಿ ಒಂದು ಥರ, ಪೆಟ್ಟಿಗೆ ಬಿಚ್ಚಿದರೆ ಇನ್ನೊಂದು ಥರ. ಅದೇ ನನಗೆ ತಲೆನೋವು.”

ಚಹಾ ಬಂತು. ಅಜ್ಜಿ ಗೆರೆಗೆರೆಯಾಗಿ ಇಳಿದಳು. ಕತ್ತು, ಹೆಗಲು, ಆ ಕುಂಬಳಕಾಯಿ ಹೊಟ್ಟೆ. ಯಾವುದೂ ತೇಲಲಿಲ್ಲ, ಯಾವುದೂ ತಪ್ಪಲಿಲ್ಲ. ಕೊನೆಯ ಗೆರೆ ಬಿದ್ದಾಗ ಕನ್ನಡಕದ ಹೆಂಗಸು ಮೇಜಿನ ಮೇಲಿದ್ದ ಗೊಂಬೆಯನ್ನು ಎತ್ತಿ ಪರದೆಯ ಪಕ್ಕ ಹಿಡಿದಳು. ಅದೇ ಅರಿಶಿನ. ಹೊಟ್ಟೆಯ ಮೇಲೆ ಕಿಟಕಿಯ ಬೆಳಕು ಕೂತಿದ್ದ ಜಾಗವೂ ಹೆಚ್ಚುಕಡಿಮೆ ಅದೇ. ಗೊಂಬೆಯನ್ನು ತಲೆಕೆಳಗು ಮಾಡಿ ಅಡಿ ನೋಡಿದಳು.

“ಇಲ್ಲಿ ಯಾರ ಹೆಸರು ಬರುತ್ತೆ?”

ಜಬೀನ ಅರಗು ಮೆತ್ತಿದ ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡಳು. ತನ್ನ ಎದೆ ಮುಟ್ಟಿ ತೋರಿಸಿದಳು.

ಹೊಸ ಕಾರ್ಡು ಗರಡಿಯಲ್ಲಿ ಪಾಸಾದದ್ದು ಮಳೆಗಾಲ ಕಳೆದ ಮೇಲೆ. ಪುಟ್ಟಸ್ವಾಮಿ ಬೇಡದ ‘ನಿಲ್’ಗಳನ್ನು ಹುಳುವಿನ ತಟ್ಟೆಯಿಂದ ಒಣ ಎಲೆ ಆರಿಸುವಂತೆ ಒಂದೊಂದಾಗಿ ಆರಿಸಿದ್ದ. ಬಾಗಿಲು ತೆರೆದ ದಿನ ಜಬೀನ ಫೋನು ಮಾಡಿ ಬರೀ ಸದ್ದು ಕೇಳಿಸಿದಳು. ಸಣ್ಣಗೆ, ತಾವಾಗಿಯೇ, ಮೂರು ಫ್ಯಾನು ತಿರುಗುವ ಸದ್ದು. ಫೋನಿಡುವಷ್ಟರಲ್ಲಿ ಮೆಟ್ಟಿಲ ಮೇಲೆ ಯಜಮಾನರ ಕಾಲಿನ ಸಪ್ಪಳ. ಕೈಯಲ್ಲಿ ಪೆಟ್ಟಿಗೆ. “ಹಳೇದಾಗೋಯ್ತು ಅದು, ಇದ ನೋಡಮ್ಮ!” ನಾನು ಮೊದಲು ನೋಡಿದ್ದು ಅವರ ಶಲ್ಯವನ್ನು. ಹತ್ತಿಯದ್ದಾಗಿತ್ತು.

ನಾನು ನಿವೃತ್ತಳಾದ ವಾರ ಮಾಗಡಿಯ ಮನೆಗೆ ಚನ್ನಪಟ್ಟಣದಿಂದ ಒಂದು ಪೊಟ್ಟಣ ಬಂತು. ಒಳಗೆ ಅರಗು ಹಚ್ಚಿದ ಮರದ ಗ್ರಾಫಿಕ್ಸ್ ಕಾರ್ಡು! ಕೆಳಗೆ ಚಕ್ರ, ಮುಂದೆ ದಾರ. ಎಳೆದರೆ ಮೂರು ಫ್ಯಾನೂ ತಿರುಗುತ್ತವೆ. ಅಡಿಯಲ್ಲಿ ಜಬೀನಳ ಹೆಸರಿನ ಮುದ್ರೆ. ನಾನು ಬಳೆ ತೆಗೆದಿಟ್ಟು, ಹಜಾರದ ಈ ಕೊನೆಯಿಂದ ಆ ಕೊನೆಗೆ ಎಳೆದೆ. ಹೊಸಿಲು ದಾಟಿಸಿದೆ. ಅಂಗಳದ ಕಲ್ಲಿನ ಮೇಲೆ ಎಳೆದೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ನೋಡುತ್ತಿದ್ದರು, ನೋಡಲಿ. ಮೂರನೆಯ ಫ್ಯಾನು ಕಲ್ಲಿನ ಮೇಲೆ ಸ್ವಲ್ಪ ಓಲುತ್ತಿತ್ತು. ಹತ್ತಿಬಟ್ಟೆಯ ಒಂದು ಚೀಲ ಹೊಲಿದು, ಅದರಲ್ಲಿಟ್ಟು ‘ಮೂರನೆಯ ಫ್ಯಾನು ಓಲುತ್ತದೆ’ ಎಂಬ ಚೀಟಿಯೊಡನೆ ವಾಪಸು ಕಳಿಸಿದೆ.

ಫೋನು ಬಂತು. “ಮೇಡಂ! ಅದು ಉಡುಗೊರೆ ಮೇಡಂ! ರಿಟೈರ್ ಆದ್ರೂ ನಿಮ್ಮ ಗರಡಿ ಮುಚ್ಚಿಲ್ವಾ?”

“ಅಡೀಲಿ ನಿನ್ ಹೆಸರು ಐತಲ್ಲ ತಾಯಿ” ಎಂದೆ. “ಅದಕ್ಕೇ ಪಾಸು ಮಾಡಲಿಲ್ಲ.”